ದಾವಣಗೆರೆ–ಹರಿಹರ ಹಳಿಯ ಸದ್ದು

ರೈಲು ಬೋಗಿಯೊಳಗಿನ ಸದ್ದಿನಲ್ಲಿ ದೊಡ್ಡ ಪಾಲು ಚಕ್ರ ಮತ್ತು ಹಳಿಯದು. ನುಣುಪಾಗಿ ಹೊಳೆಯುವ ಎರಡೂ ನಿಜದಲ್ಲಿ ತರಿತರಿ; ಉರುಳುವಾಗ ಕಂಪಿಸುತ್ತವೆ. ವೇಗ ಇಮ್ಮಡಿಯಾದರೆ ಈ ಸದ್ದು ಸುಮಾರು 9 ಡೆಸಿಬೆಲ್ ಏರುತ್ತದೆ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬೆಂಗಳೂರು ಕಡೆಯಿಂದ ಹರಿಹರದವರೆಗೆ ಹಾಕಿದ್ದು ಮೀಟರ್ ಗೇಜ್. ಆ ಹಳಿ ತುಂಡು ತುಂಡು. ಬಿಸಿಲಿಗೆ ಹಿಗ್ಗಲೆಂದು ನಡುವೆ ಸಂದಿ ಬಿಟ್ಟು, ತುಂಡುಗಳನ್ನು ಜೋಡಿಸುವ ಫಿಶ್‌ಪ್ಲೇಟ್ ಬಿಗಿಯುತ್ತಿದ್ದರು. ಒಂದೊಂದು ತುಂಡು 13 ಮೀಟರ್ ಎಂದು ಹಿಡಿದರೂ ದಾವಣಗೆರೆಯಿಂದ ಹರಿಹರ ಮುಟ್ಟುವಷ್ಟರಲ್ಲಿ ಚಕ್ರವೊಂದು ಸಾವಿರದಷ್ಟು ಸಂದಿ ಹಾರಬೇಕು. ಮಕ್ಕಳ ಬಾಯಲ್ಲಿ ರೈಲಿನ ತಾಳವಾದದ್ದು ಈ ಸಂದಿಯ ಪೆಟ್ಟೇ. ಜಲ್ಲಿಯಿಲ್ಲದ ಗರ್ಡರ್ ಸೇತುವೆ ಬಂದರಂತೂ ಉಕ್ಕು ತಮಟೆಯ ಹಾಗೆ ಮೊಳಗುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

1990ರ ದಶಕದಲ್ಲಿ ಈ ಮಾರ್ಗ ಬ್ರಾಡ್ ಗೇಜ್ ಆಯಿತು. ಬೆಸೆದ ಉದ್ದನೆಯ ಹಳಿ, ಕಾಂಕ್ರೀಟ್ ಸ್ಲೀಪರ್, ಹಳಿಯ ಅಡಿಗೆ ರಬ್ಬರ್ ಪ್ಯಾಡ್ ಬಂದಲ್ಲೆಲ್ಲ ತಾಳ ಹೋಗಿ ಒಂದೇ ಸಮನೆಯ ಗುಂಯ್ ಉಳಿಯಿತು. ಆದರೂ ಹಳೆಯ ಬೋಗಿಗಳ ಎರಕದ ಕಬ್ಬಿಣದ ಬ್ರೇಕ್ ಬ್ಲಾಕ್ ಚಕ್ರದ ಮೈಯನ್ನೇ ಕಚ್ಚಿ ಒರಟು ಮಾಡುತ್ತಿತ್ತು. ಬ್ರೇಕ್ ಬಿಟ್ಟ ಮೇಲೂ ಆ ಒರಟು ಸದ್ದಾಗಿ ಉಳಿಯುತ್ತಿತ್ತು. 2000ದ ಹೊತ್ತಿಗೆ ಜರ್ಮನಿಯಿಂದ ಭಾರತಕ್ಕೆ ಬಂದ ಎಲ್‌ಎಚ್‌ಬಿ ಬೋಗಿಗಳಲ್ಲಿ ಬ್ರೇಕ್ ಹಿಡಿಯುವುದು ಅಚ್ಚಿನ ಮೇಲಿನ ಡಿಸ್ಕನ್ನು. ಚಕ್ರ ನುಣುಪಾಗಿ ಉಳಿದದ್ದರ ಲಾಭ ಕಿವಿಗೆ. ಸ್ಲೀಪರ್ ಕ್ಲಾಸಿನಲ್ಲಿ ಮಾತ್ರ ಈ ಲಾಭವೆಲ್ಲ ತೆರೆದ ಕಿಟಕಿಯಿಂದ ಸೋರಿಹೋಗುತ್ತದೆ. ಬಾಗಿಲ ಸಂದಿ ಬೆರಳಷ್ಟಿದ್ದರೂ ಸಾಕು, ದಪ್ಪ ಗೋಡೆಯಿದ್ದೂ ಪ್ರಯೋಜನವಿಲ್ಲ.

2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಆರಂಭವಾಯಿತು. ದಾವಣಗೆರೆಯಲ್ಲಿ ಅದಕ್ಕೆ ನಿಲುಗಡೆ ಸಿಕ್ಕಿತು. ತಾನೇ ಮುಚ್ಚಿಕೊಳ್ಳುವ ಬಾಗಿಲು, ಬೋಗಿಗಳ ನಡುವೆ ಮುಚ್ಚಿದ ದಾರಿ, ತೆರೆಯದ ಕಿಟಕಿ, ಗಾಳಿ ತುಂಬಿದ ಸ್ಪ್ರಿಂಗ್ ಹೊರಗಿನ ಸದ್ದನ್ನು ತಡೆದವು. ಆದರೆ ಬೇರೆ ಎಂಜಿನ್ ಇಲ್ಲದ ಈ ರೈಲಿನಲ್ಲಿ ಮೋಟಾರುಗಳಿರುವುದು ಬೋಗಿಗಳ ಅಡಿಯಲ್ಲೇ. ಹಾಗಾಗಿ ಮೋಟಾರಿರುವ ಬೋಗಿಯ ನೆಲಕ್ಕೆ ಹೆಚ್ಚಿನ ಆರೈಕೆ ಬೇಕು. ಹಳಿಯ ಸದ್ದು ಅಡಗಿದ ಬೋಗಿಯಲ್ಲಿ ಎ.ಸಿ. ಗಾಳಿಯ ಸುಯ್ಲೂ ಪಕ್ಕದವರ ಮೊಬೈಲೂ ದೊಡ್ಡದಾಗಿ ಕೇಳುತ್ತವೆ.

ಇದಕ್ಕಿಂತಲೂ ವೇಗದ, ಗಂಟೆಗೆ 280 ಕಿ.ಮೀ. ವಿನ್ಯಾಸ ವೇಗದ ಎರಡು ರೈಲುಗಳನ್ನು ಕಟ್ಟುವ ಕೆಲಸ 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಿಇಎಂಎಲ್ ಕಂಪನಿಗೆ ಸಿಕ್ಕಿತು. ಆ ವೇಗದ ಹತ್ತಿರ ಗಾಳಿಯ ಮೊರೆತವೂ ಹಳಿಯ ಸದ್ದಿಗೆ ಪೈಪೋಟಿ ಕೊಡತೊಡಗುತ್ತದೆ. ಚಕ್ರ, ಬ್ರೇಕುಗಳ ಜೊತೆಗೆ ರೈಲಿನ ಮೂತಿ, ಮೇಲೆ ವಿದ್ಯುತ್ ತಂತಿಯನ್ನು ಮುಟ್ಟುವ ಪ್ಯಾಂಟೊಗ್ರಾಫ್, ಬೋಗಿಗಳ ನಡುವಿನ ಸಂದು ಕೂಡ ಸದ್ದು ತಗ್ಗಿಸುವವರ ಕೆಲಸವಾಗುತ್ತವೆ.