ಕಷ್ಟ, ತಾಳ್ಮೆ ಮತ್ತು ಸಮಾಧಾನ: ಕ್ರೈಸ್ತ ದೃಷ್ಟಿ

ಕಷ್ಟದ ನಡುವೆಯೇ ದೊರೆಯುವ ತಾಳ್ಮೆ ಮತ್ತು ಸಮಾಧಾನ ಕ್ರೈಸ್ತ ಧರ್ಮದ ಮುಖ್ಯ ಬೋಧನೆಗಳಲ್ಲೊಂದು. ಶಿಲುಬೆಯ ಮೇಲೆ ಸತ್ತವರನ್ನು ದೇವರ ಮಗನೆಂದು ನಂಬುವ ಧರ್ಮಕ್ಕೆ ನೋವು ಬದಿಗಿಡಬಹುದಾದ ವಿಷಯವಲ್ಲ. ಆದರೂ ಬಂದದ್ದನ್ನು ಬಾಯಿ ಮುಚ್ಚಿಕೊಂಡು ಅನುಭವಿಸಬೇಕೆಂಬುದೇ ಈ ಬೋಧನೆಯ ಸಾರವೆಂದು ಹಲವರು ತಿಳಿದಿದ್ದಾರೆ. ಹೊರಗಿನ ಟೀಕಾಕಾರರಂತೆ ಒಳಗಿನ ಬೋಧಕರೂ ಹಾಗೆ ಹೇಳಿದ್ದುಂಟು. ಬೈಬಲನ್ನೂ ಸಭೆಯ ಚರಿತ್ರೆಯನ್ನೂ ಒಟ್ಟಿಗಿಟ್ಟು ನೋಡಿದರೆ ಈ ತಿಳಿವಳಿಕೆ ನಿಲ್ಲುವುದಿಲ್ಲ. ಅಲ್ಲಿ ತಾಳ್ಮೆಗೆ ಎರಡು ಆಧಾರಗಳು ಕಾಣುತ್ತವೆ: ದೇವರ ಮುಂದೆ ಮುಚ್ಚುಮರೆಯಿಲ್ಲದೆ ಗೋಳಿಡುವ ಸ್ವಾತಂತ್ರ್ಯ ಮತ್ತು ಒಬ್ಬರ ಭಾರವನ್ನು ಮತ್ತೊಬ್ಬರು ಹೊರುವ ಬದುಕು. ಇವೆರಡೂ ಇಲ್ಲದ ಕಡೆ ಸಮಾಧಾನದ ಮಾತು ನೊಂದವರ ಮೇಲೆ ಹೇರಿದ ಇನ್ನೊಂದು ಹೊರೆಯಾಗುತ್ತದೆ.

ಮೊದಲ ಆಧಾರಕ್ಕೆ ಹಳೆಯ ಒಡಂಬಡಿಕೆಯೇ ಸಾಕ್ಷಿ. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಸಂಕಟದ ಮೊರೆಗಳು. 88ನೆಯ ಕೀರ್ತನೆಯಂತೂ ಭರವಸೆಯ ಕಡೆಗೆ ಹೊರಳದೆ ಕತ್ತಲೆಯಲ್ಲೇ ಮುಗಿಯುತ್ತದೆ; ಅಂಥದನ್ನೂ ಆರಾಧನೆಯ ಪುಸ್ತಕದಿಂದ ತೆಗೆದುಹಾಕಲಿಲ್ಲ. ಯೋಬನ ಗ್ರಂಥದ 42 ಅಧ್ಯಾಯಗಳಲ್ಲಿ ಬಹುಪಾಲು ವಾಗ್ವಾದವೇ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನು ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರನ್ನೇ ನ್ಯಾಯ ಕೇಳುತ್ತಾನೆ. ಅವನನ್ನು ಸಂತೈಸಲು ಬಂದ ಗೆಳೆಯರು ಪಾಪಕ್ಕೆ ತಕ್ಕ ಫಲವೆಂದು ಸಾಧಿಸಿ ದೇವರ ಪರ ವಕಾಲತ್ತು ವಹಿಸುತ್ತಾರೆ. ಕೊನೆಗೆ ದೇವರು ಸರಿಯೆನ್ನುವುದು ಯೋಬನನ್ನು, ಕೋಪಿಸಿಕೊಳ್ಳುವುದು ಆ ಗೆಳೆಯರ ಮೇಲೆ. ಯಾತನೆಗೆ ನಿಜವಾದ ಕಾರಣವೇನೆಂದು ಮಾತ್ರ ಯೋಬನಿಗೆ ಯಾರೂ ಹೇಳುವುದಿಲ್ಲ. ಹೊಸ ಒಡಂಬಡಿಕೆಯೂ ಇದೇ ಜಾಡಿನಲ್ಲಿ ನಡೆಯುತ್ತದೆ. ಗೆತ್ಸೇಮನೆಯಲ್ಲಿ ಯೇಸು ಮುಂದೆ ಬರಲಿದ್ದ ಯಾತನೆ ತಮ್ಮಿಂದ ತೊಲಗಲೆಂದು ಬೇಡಿಕೊಂಡರು. ಶಿಲುಬೆಯ ಮೇಲೆ 22ನೆಯ ಕೀರ್ತನೆಯ ಆರಂಭದ ಮೊರೆಯನ್ನೇ ಕೂಗಿದರು. ನೋವನ್ನು ಬಯಸುವುದು ಭಕ್ತಿಯ ಲಕ್ಷಣವಾಗಿದ್ದರೆ ಗೆತ್ಸೇಮನೆಯ ಪ್ರಾರ್ಥನೆಗೆ ಸುವಾರ್ತೆಗಳಲ್ಲಿ ಎಡೆಯೇ ಇರುತ್ತಿರಲಿಲ್ಲ.

ಎರಡನೆಯ ಆಧಾರ ಸಂತ ಪೌಲರ ಪತ್ರಗಳಲ್ಲಿ ಸ್ಪಷ್ಟವಾಗುತ್ತದೆ. ರೋಮಾಪುರದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಪಕ್ವತೆ, ಪಕ್ವತೆಯಿಂದ ನಿರೀಕ್ಷೆ ಎಂಬ ಸರಣಿ ಬರುತ್ತದೆ. ಇದನ್ನು ಬಿಡಿಯಾಗಿ ಓದಿದರೆ ಕಷ್ಟವೇ ತಾನಾಗಿ ಮನುಷ್ಯನನ್ನು ಮಾಗಿಸುತ್ತದೆ ಎಂದು ತೋರಬಹುದು. ಅನುಭವ ಹಾಗಿಲ್ಲ, ಕಷ್ಟ ಎಷ್ಟೋ ಜನರನ್ನು ಮುರಿದೂ ಹಾಕುತ್ತದೆ. ಪೌಲರಿಗೂ ಇದು ಗೊತ್ತಿತ್ತು. ಆಸ್ಯ ಸೀಮೆಯಲ್ಲಿ ಜೀವದಾಸೆಯನ್ನೇ ಬಿಟ್ಟಿದ್ದೆವೆಂದು ಅವರು ಕೊರಿಂಥದವರಿಗೆ ಒಪ್ಪಿಕೊಳ್ಳುತ್ತಾರೆ. ಶರೀರದಲ್ಲಿ ನಾಟಿದ ಮುಳ್ಳೆಂದು ತಾವು ಕರೆದ ಬಾಧೆಯನ್ನು ತೆಗೆದುಹಾಕೆಂದು ಮೂರು ಸಲ ಬೇಡಿಯೂ ಅದು ಹೋಗಲಿಲ್ಲ. ತಿಳಿವಿಗೆ ಮೀರಿದ ದೇವಶಾಂತಿಯ ಮಾತು ಬರುವ ಫಿಲಿಪ್ಪಿಯವರ ಪತ್ರವನ್ನು ಅವರು ಸೆರೆಯಿಂದ ಬರೆದರು. ಅದೇ ಪತ್ರದಲ್ಲಿ, ಎಪಫ್ರೊದೀತನ ಕೈಯಲ್ಲಿ ನೆರವು ಕಳಿಸಿದ ಸಭೆಗೆ ಕೃತಜ್ಞತೆಯೂ ಇದೆ. ಸೆರೆಯಲ್ಲಿದ್ದವರ ಸಮಾಧಾನಕ್ಕೂ ಹೊರಗಿನ ಸಭೆಯ ನೆರವಿಗೂ ನಂಟಿತ್ತು. ತಾವು ಪಡೆದ ಸಾಂತ್ವನ ಇತರರನ್ನು ಸಂತೈಸುವುದಕ್ಕಾಗಿಯೇ ಎಂಬುದು ಅವರ ನಿಲುವು.

ಮುಂದಿನ ಶತಮಾನಗಳು ಈ ಎರಡನ್ನೂ ಉಳಿಸಿಕೊಂಡವು. 3ನೆಯ ಶತಮಾನದ ನಡುಭಾಗದಲ್ಲಿ ರೋಮನ್ ಸಾಮ್ರಾಜ್ಯಕ್ಕೆ ಮಹಾಮಾರಿ ಬಡಿದಾಗ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಸಾವಿನ ಭಯದ ಬಗ್ಗೆ ಬೋಧನಾಗ್ರಂಥ ಬರೆದರು. ಜೊತೆಗೆ ರೋಗಿಗಳ ಆರೈಕೆಗೆ ಸಭೆಯನ್ನು ಅಣಿಗೊಳಿಸಿದರು. ಭಾವನೆಗಳಿಂದ ಅಲುಗದಿರುವುದೇ ಜ್ಞಾನಿಯ ಗುರಿ ಎನ್ನುತ್ತಿದ್ದ ಸ್ಟೋಯಿಕ್ ತತ್ತ್ವವನ್ನು ಸಂತ ಅಗಸ್ಟೀನರು ‘ದೇವರ ನಗರ’ ಗ್ರಂಥದ 14ನೆಯ ಭಾಗದಲ್ಲಿ ತಿರಸ್ಕರಿಸಿ, ಯೇಸುವೇ ಅತ್ತರೆಂದು ನೆನಪಿಸಿದರು. ಕರ್ನಾಟಕದ ಕಥೋಲಿಕರೂ ತಪಸ್ಸುಕಾಲದಲ್ಲಿ ಆಚರಿಸುವ ಶಿಲುಬೆಯ ಹಾದಿಯ 14 ಸ್ಥಳಗಳಲ್ಲಿ ಐದನೆಯದು ಕುರೇನ್ಯದ ಸಿಮೋನನು ಶಿಲುಬೆಗೆ ಹೆಗಲು ಕೊಟ್ಟದ್ದನ್ನು ಸ್ಮರಿಸುತ್ತದೆ. ಯೇಸುವೇ ಇನ್ನೊಬ್ಬರ ಹೆಗಲನ್ನು ಪಡೆದಿರುವಾಗ ನೊಂದವರು ಒಬ್ಬಂಟಿಯಾಗಿ ಗಟ್ಟಿಯಿರಬೇಕೆಂದು ಬಯಸುವ ಹಕ್ಕು ಯಾರಿಗೂ ಇಲ್ಲ.

ಈ ತಿಳಿವು ಆಧುನಿಕ ಬದುಕಿನಲ್ಲಿ ಹೇಗೆ ರೂಪ ತಾಳೀತು ಎಂಬುದಕ್ಕೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಮೇರಿ ವರ್ಗೀಸ್ (1925–1986) ಒಳ್ಳೆಯ ನಿದರ್ಶನ. 1954ರ ರಸ್ತೆ ಅಪಘಾತದಲ್ಲಿ ಅವರ ಸೊಂಟದ ಕೆಳಭಾಗ ಸ್ವಾಧೀನ ತಪ್ಪಿತು. ಕುಷ್ಠರೋಗಿಗಳ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಿದ್ದ ಡಾ. ಪಾಲ್ ಬ್ರಾಂಡ್ ಅವರ ಪ್ರೋತ್ಸಾಹದಿಂದ ಗಾಲಿಕುರ್ಚಿಯಲ್ಲಿ ಕುಳಿತೇ ಅದೇ ಶಸ್ತ್ರಚಿಕಿತ್ಸೆ ಕಲಿತರು. ನಂತರ ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯಶಾಸ್ತ್ರದ ತರಬೇತಿ ಪಡೆದು ಬಂದು, ವೆಲ್ಲೂರಿನಲ್ಲಿ ಆ ವಿಭಾಗವನ್ನು ಕಟ್ಟಿದರು. 1972ರಲ್ಲಿ ಪದ್ಮಶ್ರೀ ಪಡೆದರು. ಅವರ ನಂಬಿಕೆಯ ಹಿಂದೆ ಸಹೋದ್ಯೋಗಿಗಳು, ತರಬೇತಿ, ಸಲಕರಣೆ, ಒಂದು ಸಂಸ್ಥೆಯ ಬೆಂಬಲ ಎಲ್ಲವೂ ಇದ್ದವು. ಇದನ್ನು ಹೇಳಿದರೆ ನಂಬಿಕೆಯ ಪಾಲು ಕಡಿಮೆಯಾಗದು. ಕ್ರೈಸ್ತ ತಾಳ್ಮೆ ಯಾವ ನೆಲದಲ್ಲಿ ಬೇರೂರುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಈ ಬೋಧನೆಗೆ ಎರಡು ಗಂಭೀರ ಆಕ್ಷೇಪಗಳಿವೆ. ಧರ್ಮ ಜನರ ಪಾಲಿನ ಅಫೀಮು ಎಂದು ಕಾರ್ಲ್ ಮಾರ್ಕ್ಸ್ 1844ರಲ್ಲಿ ಬರೆದರು. ತಾಳ್ಮೆಯ ಉಪದೇಶ ಅನ್ಯಾಯ ಮಾಡುವವರಿಗೆ ಅನುಕೂಲವಾಗುತ್ತದೆ ಎಂಬುದು ಈ ವಾದದ ತಿರುಳು. ಅಮೆರಿಕದ ಗುಲಾಮರ ಒಡೆಯರು ವಿಧೇಯತೆಯ ವಚನಗಳನ್ನು ಆಯ್ದು ಬೋಧಿಸಿದ್ದು ನಿಜ, ಆ ಅಪರಾಧವನ್ನು ಮರೆಮಾಚಲಾಗದು. ಆದರೆ ಗುಲಾಮಗಿರಿಯಿಂದ ಪಾರಾದ ಫ್ರೆಡರಿಕ್ ಡಗ್ಲಸ್ 1845ರ ಆತ್ಮಕಥನದಲ್ಲಿ ಒಡೆಯರ ಧರ್ಮ ಬೇರೆ, ಕ್ರಿಸ್ತನ ಧರ್ಮ ಬೇರೆ ಎಂದು ಖಂಡತುಂಡವಾಗಿ ಬೇರ್ಪಡಿಸಿದರು. ಗುಲಾಮರ ಹಾಡುಗಳಲ್ಲಿ ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ಇಸ್ರಾಯೇಲ್ಯರ ಕಥೆ ಮತ್ತೆಮತ್ತೆ ಬಂತು. ತಪ್ಪಿಸಲಾಗದ ನೋವನ್ನು ತಾಳುವುದು ಒಂದು, ತಪ್ಪಿಸಬಹುದಾದ ಅನ್ಯಾಯಕ್ಕೆ ತಲೆಬಾಗುವುದು ಇನ್ನೊಂದು. ಗೋಳಿಡುವ ಸ್ವಾತಂತ್ರ್ಯವಿರುವಲ್ಲಿ ಈ ವ್ಯತ್ಯಾಸ ಮಾಸುವುದಿಲ್ಲ, ಏಕೆಂದರೆ ಗೋಳು ಅನ್ಯಾಯವನ್ನು ಅನ್ಯಾಯವೆಂದೇ ಕರೆಯುತ್ತದೆ.

ಎರಡನೆಯದು ನಿರಪರಾಧಿಗಳ ನೋವಿನ ಪ್ರಶ್ನೆ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ ನಗರ ಭೂಕಂಪಕ್ಕೆ ತುತ್ತಾದಾಗ ಎಲ್ಲವೂ ಒಳ್ಳೆಯದಕ್ಕೇ ಎನ್ನುವ ತತ್ತ್ವವನ್ನು ವಾಲ್ಟೇರ್ ಕಟುವಾಗಿ ಪ್ರಶ್ನಿಸಿದರು. ಮಕ್ಕಳ ಕಣ್ಣೀರಿಗೆ ಯಾವ ವಿವರಣೆಯೂ ಸಾಟಿಯಾಗದು ಎಂಬ ವಾದವನ್ನು ದಾಸ್ತೊಯೆವ್‌ಸ್ಕಿ ‘ಕರಮಜೋವ್ ಸಹೋದರರು’ ಕಾದಂಬರಿಯ ಇವಾನನ ಬಾಯಲ್ಲಿ ಇಟ್ಟರು. ಲೇಖಕರು ಸ್ವತಃ ವಿಶ್ವಾಸಿ. ಈ ಆಕ್ಷೇಪಕ್ಕೆ ತರ್ಕದ ಪೂರ್ಣ ಉತ್ತರ ಕ್ರೈಸ್ತ ಧರ್ಮದಲ್ಲಿಲ್ಲ, ಇದೆಯೆಂದು ಸಾಧಿಸುವವರು ಯೋಬನ ಗೆಳೆಯರ ಸಾಲಿಗೆ ಸೇರುತ್ತಾರೆ. ಹಿಟ್ಲರನ ಆಡಳಿತವನ್ನು ವಿರೋಧಿಸಿ 1943ರ ಏಪ್ರಿಲ್‌ನಲ್ಲಿ ಬಂಧಿತರಾದ ಡೀಟ್ರಿಚ್ ಬಾನ್‌ಹಾಫರ್, ಸ್ವತಃ ನೋಯುವ ದೇವರು ಮಾತ್ರ ಮನುಷ್ಯನಿಗೆ ನೆರವಾಗಬಲ್ಲನೆಂದು ಮರುವರ್ಷ ಸೆರೆಮನೆಯಿಂದ ಬರೆದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. ಅವರ ಮಾತು ನೋವಿಗೆ ಕಾರಣ ಹೇಳುವುದಿಲ್ಲ; ನೋವಿನಲ್ಲಿ ದೇವರು ಯಾರ ಪಕ್ಕದಲ್ಲಿದ್ದಾನೆ ಎಂಬುದನ್ನು ಹೇಳುತ್ತದೆ.

ಪುನರುತ್ಥಾನದ ನಿರೀಕ್ಷೆ ಈ ಧರ್ಮದ ಕೊನೆಯ ಮಾತು, ಆದರೆ ಶುಭ ಶುಕ್ರವಾರವನ್ನು ಹಾಯದೆ ಪಾಸ್ಕಕ್ಕೆ ದಾರಿಯಿಲ್ಲ. ಆದ್ದರಿಂದ ನೊಂದವರಿಗೆ ಸಮಾಧಾನ ಹೇಳಹೊರಟವರು ಮೊದಲು ಅವರ ದೂರನ್ನು ಪೂರ್ತಿ ಕೇಳಿಸಿಕೊಳ್ಳಬೇಕು, ಬಳಿಕ ಭಾರದಲ್ಲಿ ತಮ್ಮ ಪಾಲನ್ನು ಹೊರಬೇಕು. ಇವೆರಡನ್ನೂ ಮಾಡದವರು ತಾಳ್ಮೆಯನ್ನು ಬೋಧಿಸಿದರೆ ಅದಕ್ಕೆ ಬೈಬಲಿನ ಆಧಾರ ಸಿಗುವುದಿಲ್ಲ.