ಪುಟಕ್ಕೆ ಉಡುಗೆ ತೊಡಿಸಿದ ಕಥೆ

ಕಂಪ್ಯೂಟರ್ ಪರದೆಯ ಮೇಲೆ ಒಮ್ಮೊಮ್ಮೆ ಪುಟವೊಂದು ಬರಿಮೈಯಲ್ಲಿ ಬಂದು ನಿಲ್ಲುವುದನ್ನು ನೀವೂ ಕಂಡಿರಬಹುದು. ಬಣ್ಣವಿಲ್ಲ, ಅಂಚಿಲ್ಲ, ಬಿಳಿಯ ಮೇಲೆ ಕರಿಯ ಅಕ್ಷರಗಳು, ಅಷ್ಟೆ. ಪುಟದ ಉಡುಗೆ ಬೇರೆ ಗಂಟಿನಲ್ಲಿ ಬರಬೇಕಿತ್ತು, ದಾರಿಯಲ್ಲೇ ಉಳಿಯಿತು. ಮೊದಲು ಬರಹ ಬರುತ್ತದೆ. ಅದರಲ್ಲಿ ಬರೆದಿರುವ ವಿಳಾಸ ನೋಡಿ ಬ್ರೌಸರ್ ಮತ್ತೆ ಸರ್ವರಿಗೆ ಹೇಳಿಕಳಿಸಿ ಅಲಂಕಾರದ ಸ್ಟೈಲ್‌ಶೀಟನ್ನೂ ಕೆಲಸ ಮಾಡಿಸುವ ಸ್ಕ್ರಿಪ್ಟನ್ನೂ ತರಿಸಿಕೊಳ್ಳುತ್ತದೆ. ತಂದದ್ದನ್ನು ತೆಗೆದಿಟ್ಟುಕೊಂಡರೆ ಅದೇ ತಾಣದ ಹತ್ತು ಪುಟಕ್ಕೂ ಆಯಿತು.

ಸ್ಕ್ರಿಪ್ಟಿನ ಹುಟ್ಟು ಅವಸರದ್ದು. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಅದರ ಮೊದಲ ರೂಪ ಕಟ್ಟಿದರು. ಮೋಕಾ, ಆಮೇಲೆ ಲೈವ್‌ಸ್ಕ್ರಿಪ್ಟ್, ಕೊನೆಗೆ ಜಾವಾಸ್ಕ್ರಿಪ್ಟ್ ಎಂದು ವರ್ಷದೊಳಗೆ ಮೂರು ಹೆಸರು!

ನನ್ನ ಮನಸ್ಸು ನಿಂತದ್ದು ಸ್ಟೈಲ್‌ಶೀಟಿನ ಬಳಿ. ನಾರ್ವೆಯ ಹೋಕನ್ ವಿಯಮ್ ಲೀ, ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿದ್ದಾಗ, 1994ರ ಅಕ್ಟೋಬರ್ 10ರಂದು ಇದರ ಮೊದಲ ಪ್ರಸ್ತಾಪ ಮುಂದಿಟ್ಟರು. ಪುಟ ಹೇಗೆ ಕಾಣಬೇಕು ಎಂಬುದರಲ್ಲಿ ಬರೆದವರಿಗೂ ಪಾಲು, ಓದುವವರಿಗೂ ಪಾಲು. ಅದೂ ಲೆಕ್ಕ ಹಾಕಿ! ದೊಡ್ಡ ತಲೆಬರಹದ ಗಾತ್ರದಲ್ಲಿ ನನ್ನ ಮಾತು ನೂರಕ್ಕೆ ನೂರು, ಚಿಕ್ಕದರಲ್ಲಿ ನಲವತ್ತು ಸಾಕು ಎಂದು ಒಬ್ಬರು ಕೇಳಬಹುದಿತ್ತು. ಮದುವೆ ಸೀರೆ ಆರಿಸುವಾಗ ನಮ್ಮ ಮನೆಗಳಲ್ಲಿ ಹೀಗೊಂದು ಲೆಕ್ಕವಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತೋ.

ಲೀ ಅವರ ಜೊತೆ ಡಚ್ಚರ ಬರ್ಟ್ ಬೋಸ್ ಸೇರಿದರು. 1996ರ ಡಿಸೆಂಬರಿನಲ್ಲಿ ಸಿಎಸ್‌ಎಸ್‌ನ ಮೊದಲ ನಿಯಮಾವಳಿ ಬಂದಾಗ ಆ ಲೆಕ್ಕ ಇರಲಿಲ್ಲ. ಇಬ್ಬರೂ ‘ಇದು ಮುಖ್ಯ’ ಎಂದು ಹಟ ಹಿಡಿದರೆ ಗೆಲುವು ಬರೆದವರದೇ. ಕಣ್ಣು ಮಂಜಾದವರ ಗತಿಯೇನು? 1998ರ ಮೇ ತಿಂಗಳ ಎರಡನೆಯ ನಿಯಮಾವಳಿ ಇದನ್ನು ತಿರುಗಿಸಿ, ಅಂಥ ಹಟದಲ್ಲಿ ಓದುಗರದೇ ಕೊನೆಯ ಮಾತು ಎಂದಿತು. ನನಗೆ ಈ ಸಣ್ಣ ತಿದ್ದುಪಡಿ ಜಾವಾಸ್ಕ್ರಿಪ್ಟಿನ ಹತ್ತು ದಿನದ ಸಾಹಸಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಕಾಗದದ ಮೇಲಿನ ಹಕ್ಕು ಮನೆಯೊಳಗೆ ಬರುವುದು ಬೇರೆ ಮಾತು, ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಓದುಗರು ತಮ್ಮದೇ ಸ್ಟೈಲ್‌ಶೀಟ್ ಇಟ್ಟುಕೊಳ್ಳಲು ಕ್ರೋಮ್ ಬ್ರೌಸರಿನಲ್ಲಿದ್ದ ಅನುಕೂಲವನ್ನು 2014ರಲ್ಲಿ ತೆಗೆದರು. ನಿಯಮ ಪುಸ್ತಕದಲ್ಲಿ ಹಾಗೇ ಇದೆ. ಬೇಕಾದವರು ಬೇರೆ ಜೋಡಣೆ ಹುಡುಕಿ ಹಾಕಿಕೊಳ್ಳಬೇಕು. ಉಳಿದವರಿಗೆ ಅಕ್ಷರ ಹಿಗ್ಗಿಸುವ ಗುಂಡಿಯಿದೆ, ನಾನು ದಿನವೂ ಒತ್ತುವುದು ಅದನ್ನೇ.