ಕಾಯಿಲೆಗೊಂದು ಮನೆ ವಿಳಾಸ

ಮೆಡಿಕಲ್ ಅಸಿಸ್ಟೆಂಟ್ ಕೋರ್ಸಿನ ಪಠ್ಯಪುಸ್ತಕ ಯಾವುದನ್ನಾದರೂ ಬಿಡಿಸಿ ನೋಡಿ, ಕಾಯಿಲೆಗಳ ಪಾಠ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಚರ್ಮದ ಕಾಯಿಲೆಗಳಿಗೆ ಒಂದು ಅಧ್ಯಾಯ, ಮೂಳೆ-ಸ್ನಾಯುಗಳಿಗೆ ಇನ್ನೊಂದು, ಆಮೇಲೆ ನರಮಂಡಲ, ಹೃದಯ, ಶ್ವಾಸಕೋಶ, ಜೀರ್ಣಾಂಗ, ಮೂತ್ರಪಿಂಡ... (ಅಮೆರಿಕದಲ್ಲಿ ಮೆಡಿಕಲ್ ಅಸಿಸ್ಟೆಂಟ್ ಅಂದರೆ ಕ್ಲಿನಿಕ್ಕಿನಲ್ಲಿ ಬಿ.ಪಿ. ನೋಡಿ, ಇ.ಸಿ.ಜಿ. ತೆಗೆದು, ರೋಗಿಯ ಫೈಲನ್ನೂ ಬರೆಯುವವರು. ನರ್ಸ್ ಬೇರೆ, ಇವರು ಬೇರೆ.) ಓದುವ ಮಕ್ಕಳಿಗೆ ಕಾಯಿಲೆಗಳು ಮೊದಲಿಂದಲೂ ಹೀಗೆ ಒಂದೊಂದು ಕೋಣೆ ಹಿಡಿದು ಕೂತಿವೆ ಅನ್ನಿಸಿದರೆ ತಪ್ಪಲ್ಲ. ಆದರೆ ಹಾಗೆ ಕೂರಿಸಿದವರು ಮನುಷ್ಯರು, ಅದೂ ತೀರಾ ಹಳೆಯ ಕಾಲದಲ್ಲೇನಲ್ಲ.

ಅದಕ್ಕೆ ಮುಂಚೆ ಏನಿತ್ತು? ನಮ್ಮ ಚರಕಸಂಹಿತೆಯ ನಿದಾನಸ್ಥಾನ ಶುರುವಾಗುವುದು ಜ್ವರದಿಂದ. ಜ್ವರಕ್ಕೆ ಯಾವ ಅಂಗ ಹೇಳ್ತೀರಿ? ಅದು ಇಡೀ ಮೈಯದು. ವಾತ, ಪಿತ್ತ, ಕಫ ಹೆಚ್ಚುಕಡಿಮೆಯಾದರೆ ಕಾಯಿಲೆ. ಯುರೋಪಿನವರ ಲೆಕ್ಕವೂ ಇದಕ್ಕೆ ದೂರವಿರಲಿಲ್ಲ, ಅವರದು ನಾಲ್ಕು ದ್ರವಗಳು, ಅಷ್ಟೇ. ಇನ್ನು ನಮ್ಮ ಕನ್ನಡದ ಮಂಗರಾಜ 14ನೇ ಶತಮಾನದಲ್ಲಿ ಬರೆದ ‘ಖಗೇಂದ್ರಮಣಿದರ್ಪಣ’ ಪೂರ್ತಿ ವಿಷವೈದ್ಯದ ಗ್ರಂಥ. ಅಲ್ಲಿ ಕೇಳುವ ಪ್ರಶ್ನೆ ಯಾವ ಅಂಗ ಕೆಟ್ಟಿತು ಅಂತಲ್ಲ, ಯಾವ ವಿಷ ಏರಿತು ಅಂತ.

18ನೇ ಶತಮಾನದಲ್ಲಿ ಫ್ರಾನ್ಸಿನ ಮೊಂಪೆಲಿಯೆಯಲ್ಲಿ ಸೊವಾಜ್ ಅಂತ ಒಬ್ಬ ವೈದ್ಯನಿದ್ದ, ಸಸ್ಯಶಾಸ್ತ್ರಜ್ಞ ಕೂಡ. ಗಿಡಗಳನ್ನು ಜಾತಿ-ಪ್ರಭೇದ ಅಂತ ವಿಂಗಡಿಸಿದ ಹಾಗೆ ಕಾಯಿಲೆಗಳನ್ನೂ ವಿಂಗಡಿಸಲು ಹೊರಟ. 1763ರ ಅವನ ಪುಸ್ತಕದಲ್ಲಿ 10 ವರ್ಗ, ಸುಮಾರು 2400 ಕಾಯಿಲೆ! ಜ್ವರದ್ದು ಒಂದು ವರ್ಗ, ನೋವಿನದು ಇನ್ನೊಂದು, ಏದುಸಿರಿನದು ಮತ್ತೊಂದು. ಕಣ್ಣಿಗೆ ಕಾಣುವ ಲಕ್ಷಣವೇ ಅಲ್ಲಿ ಕಾಯಿಲೆ. ನಗಬೇಡಿ. ಕ್ಲಿನಿಕ್ಕಿಗೆ ಬಂದವರು ಇಂದಿಗೂ ಹೇಳುವುದು ‘ಏದುಸಿರು ಬರ್ತಿದೆ’ ಅಂತಲೇ ಹೊರತು ‘ನನ್ನ ಹೃದಯದ ಎಡಭಾಗ ಸೋತಿದೆ’ ಅಂತಲ್ಲ. ಪಠ್ಯಪುಸ್ತಕ ಬಿಟ್ಟು ಕ್ಲಿನಿಕ್ಕಿನಲ್ಲಿ ನಿಂತರೆ ಮೊದಲು ಎದುರಾಗುವುದು ಸೊವಾಜನ ಪಟ್ಟಿಯೇ.

ಇದಕ್ಕೆ ಎರಡು ವರ್ಷ ಮುಂಚೆ, 1761ರಲ್ಲಿ, ಇಟಲಿಯ ಪಾದುವಾದಲ್ಲಿ ಅಂಗರಚನಾಶಾಸ್ತ್ರ ಹೇಳಿಕೊಡುತ್ತಿದ್ದ ಜಿಯೋವಾನಿ ಬತಿಸ್ತಾ ಮೊರ್ಗಾನಿ ತನ್ನ ದೊಡ್ಡ ಪುಸ್ತಕ ಪ್ರಕಟಿಸಿದ್ದ. ಆಗ ಅವನಿಗೆ 79 ವರ್ಷ. ಕಾಯಿಲೆಗಳ ನೆಲೆಗಳು ಮತ್ತು ಕಾರಣಗಳು, ಹೆಣ ಕೊಯ್ದು ಹುಡುಕಿದ್ದು - ಲ್ಯಾಟಿನ್ ಹೆಸರಿನ ಅರ್ಥ ಸುಮಾರಾಗಿ ಇದು. ‘ನೆಲೆ’ ಅನ್ನುವ ಪದದಲ್ಲೇ ಎಲ್ಲಾ ಇದೆ. ಕಾಯಿಲೆ ಮೈತುಂಬಾ ಹರಿದಾಡುವ ದ್ರವವಲ್ಲ, ಅದಕ್ಕೊಂದು ಮನೆ ವಿಳಾಸವಿದೆ ಅಂದ ಅವನು. 70 ಪತ್ರಗಳ ರೂಪದಲ್ಲಿ ಬರೆದ ಪುಸ್ತಕ. ಸುಮಾರು 700 ಜನರ ಕಥೆ - ಬದುಕಿದ್ದಾಗ ಏನು ತೊಂದರೆ ಇತ್ತು, ಸತ್ತ ಮೇಲೆ ಕೊಯ್ದು ನೋಡಿದಾಗ ಒಳಗೆ ಏನಿತ್ತು. ಮೊದಲ ಭಾಗ ತಲೆ, ಎರಡನೆಯದು ಎದೆ, ಮೂರನೆಯದು ಹೊಟ್ಟೆ. ಇಂದಿನ ಪಠ್ಯಪುಸ್ತಕದ ಪರಿವಿಡಿಗೆ ಇವನೇ ಮುತ್ತಜ್ಜ ಅಂದರೆ ತಪ್ಪಾಗಲಾರದು.

ಹೆಣ ಕೊಯ್ದು ನೋಡಿದವರಲ್ಲಿ ಮೊರ್ಗಾನಿ ಮೊದಲಿಗನಲ್ಲ. 1679ರಲ್ಲೇ ಜಿನೀವಾದ ಬೊನೆ ಅನ್ನುವವನು ಇಂಥ ಸುಮಾರು 3000 ಪ್ರಕರಣ ಒಟ್ಟುಗೂಡಿಸಿದ್ದ. ಆದರೆ ಅದರಲ್ಲಿ ಬೇಕಾದ್ದು ಹುಡುಕುವುದೇ ಕಷ್ಟ. ಮೊರ್ಗಾನಿಯ ಜಾಣತನ ನನಗೆ ಕಾಣುವುದು ಅವನ ಸೂಚಿಯಲ್ಲಿ. ಲಕ್ಷಣ ಹಿಡಿದು ಹೋದರೆ ಒಳಗೇನು ಕೆಟ್ಟಿರಬಹುದು ಅಂತ ಒಂದು ಸೂಚಿ. ಒಳಗೆ ಕೆಟ್ಟಿದ್ದು ಹಿಡಿದು ಹೋದರೆ ಹೊರಗೆ ಯಾವ ಲಕ್ಷಣ ಇತ್ತು ಅಂತ ಇನ್ನೊಂದು. ಒಂದೇ ದಾರಿ ಸಾಲದು ಅಂತ ಮುದುಕನಿಗೆ ಗೊತ್ತಿತ್ತು.

ಮುಂದೆ ಪ್ಯಾರಿಸ್ಸಿನ ಬಿಶಾ 1801ರಲ್ಲಿ ಅಂಗಕ್ಕಿಂತ ಒಳಗೆ ಹೋಗಿ 21 ಬಗೆಯ ಅಂಗಾಂಶ ಎಣಿಸಿದ (ಸೂಕ್ಷ್ಮದರ್ಶಕವನ್ನು ನಂಬದೇ!), ಮರುವರ್ಷವೇ 30ರ ವಯಸ್ಸಿಗೆ ತೀರಿಕೊಂಡ. 1816ರಲ್ಲಿ ಲೆನೆಕ್ ಸ್ಟೆತಸ್ಕೋಪ್ ಕಂಡುಹಿಡಿದ. ಅದರಿಂದ ಏನಾಯ್ತು ಅಂದರೆ, ಕಾಯಿಲೆಯ ವಿಳಾಸ ಪತ್ತೆಹಚ್ಚಲು ರೋಗಿ ಸಾಯುವ ತನಕ ಕಾಯಬೇಕಿಲ್ಲ.

ತಮಾಷೆ ಅಂದರೆ, ಈ ವಿಳಾಸದ ಪದ್ಧತಿಯ ಹುಳುಕು ಹೊರಬಿದ್ದದ್ದೂ ಲೆನೆಕ್‌ನಿಂದಲೇ. ಎದೆ ಕೊಳೆಯಿಸುವ ಕ್ಷಯ, ಕುತ್ತಿಗೆಯಲ್ಲಿ ಗಂಟು ಬರುವ ಗಂಡಮಾಲೆ ಇವೆಲ್ಲ ಬೇರೆ ಬೇರೆ ಕಾಯಿಲೆಗಳೆಂದೇ ಜನ ತಿಳಿದಿದ್ದರು. ಎಲ್ಲದರೊಳಗೂ ಇರುವುದು ಒಂದೇ ಥರದ ಗಂಟು, ಕಾಯಿಲೆ ಒಂದೇ, ಮನೆ ಮಾತ್ರ ಹಲವು ಅಂದ ಲೆನೆಕ್. ಅವನೇ 1826ರಲ್ಲಿ, 45ನೇ ವಯಸ್ಸಿಗೆ, ಕ್ಷಯದಿಂದ ಸತ್ತ. 1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನೇ ಮುಂದಿಟ್ಟ. ಅಲ್ಲಿಗೆ ‘ಎಲ್ಲಿ?’ ಅನ್ನುವ ಪ್ರಶ್ನೆ ಹಿಂದೆ ಸರಿದು ‘ಯಾರು?’ ಅನ್ನುವ ಪ್ರಶ್ನೆ ಮುಂದೆ ಬಂತು.

ಆದರೆ ಪಾಠದಲ್ಲಿ ಕ್ಷಯ ಬರುವುದು ಸಾಮಾನ್ಯವಾಗಿ ಶ್ವಾಸಕೋಶದ ಅಧ್ಯಾಯದಲ್ಲಿ. ಅದನ್ನಷ್ಟೇ ಓದಿದ ವಿದ್ಯಾರ್ಥಿಗೆ ಟಿ.ಬಿ. ಅಂದರೆ ಕೆಮ್ಮು. ತಿಂಗಳುಗಟ್ಟಲೆ ಬೆನ್ನುನೋವು ಅಂತ, ಕೆಮ್ಮೇ ಇಲ್ಲದೆ ಬಂದವನ ಬೆನ್ನುಮೂಳೆಯಲ್ಲಿ ಅದೇ ಟಿ.ಬಿ. ಇರಬಹುದು ಅಂತ ಹೊಳೆಯುವುದು ಹೇಗೆ? ಸಕ್ಕರೆ ಕಾಯಿಲೆಯೂ ಅಷ್ಟೇ. ಪಾಠ ಗ್ರಂಥಿಗಳ ಅಧ್ಯಾಯದಲ್ಲಿ, ರೋಗಿ ಬರುವುದು ಮಾತ್ರ ವಾಸಿಯಾಗದ ಕಾಲಿನ ಹುಣ್ಣು ಹಿಡಿದು, ಇಲ್ಲವೇ ಕಣ್ಣು ಮಂಜಾಗಿ.

ವಿಳಾಸ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಲಕ್ವ ಹೊಡೆಯುವುದು ಮೆದುಳಿಗೆ, ಕೆಡುವುದು ರಕ್ತನಾಳ. ಹಾಗಾದರೆ ಅದು ಯಾವ ಅಧ್ಯಾಯಕ್ಕೆ ಸೇರಬೇಕು? ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐ.ಸಿ.ಡಿ.ಯ 7ನೇ ಆವೃತ್ತಿಯಲ್ಲಿ ಅದು ನರಮಂಡಲದ ಕೆಳಗಿತ್ತು. 1965ರಲ್ಲಿ ಒಪ್ಪಿದ 8ನೇ ಆವೃತ್ತಿ ಅದನ್ನು ರಕ್ತಪರಿಚಲನೆಗೆ ಸಾಗಿಸಿತು. ಅಲ್ಲಿಂದ ಲಕ್ವದ ಸಾವುಗಳೆಲ್ಲ ಹೃದಯದವರ ಖಾತೆಗೆ ಜಮಾ! ಮೆದುಳಿನ ಕಾಯಿಲೆಗಳ ಹೊರೆ ಕಾಗದದ ಮೇಲೆ ಹಗುರವಾಗಿ ಕಂಡಿತು. ನರರೋಗ ತಜ್ಞರು ಜಗ್ಗಾಡಿ, 2019ರಲ್ಲಿ ಒಪ್ಪಿಗೆಯಾದ 11ನೇ ಆವೃತ್ತಿಯಲ್ಲಿ ಅದು ಮತ್ತೆ ನರಮಂಡಲಕ್ಕೆ ಬಂತು. ಇಷ್ಟು ವರ್ಷದಲ್ಲಿ ಕಾಯಿಲೆ ಬದಲಾಗಿರಲಿಲ್ಲ, ಫೈಲು ಇಡುವ ಕಪಾಟು ಬದಲಾಗಿತ್ತು.

ಪಾಠವನ್ನು ಅಂಗವ್ಯವಸ್ಥೆಯ ಪ್ರಕಾರ ಹೇಳಿಕೊಡುವುದು ಬೇಡ ಅಂತೇನೂ ನನ್ನ ವಾದವಲ್ಲ. 1952ರಲ್ಲಿ ಅಮೆರಿಕದ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಡಾಕ್ಟರುಗಳ ಓದನ್ನೇ ಹಾಗೆ ಕಟ್ಟಿತು. ಹೃದಯದ ರಚನೆ, ಕೆಲಸ, ಕಾಯಿಲೆ, ಔಷಧ ಎಲ್ಲಾ ಒಟ್ಟಿಗೆ. ತಲೆಯಲ್ಲಿ ನಿಲ್ಲಲು ಅದಕ್ಕಿಂತ ಸುಲಭದ ದಾರಿ ನನಗಂತೂ ಕಾಣದು. ಪಕ್ಕದಲ್ಲಿ ಎರಡನೇ ಸೂಚಿ ಇರಬೇಕು, ಅಷ್ಟೇ. ಐ.ಸಿ.ಡಿ.ಯ 10ನೇ ಆವೃತ್ತಿ ಮಾಡಿದವರಿಗೂ ಇದು ಹೊಳೆದಿತ್ತು. ಅದರಲ್ಲಿ ಬೆನ್ನುಮೂಳೆಯ ಕ್ಷಯಕ್ಕೆ ಎರಡು ಸಂಖ್ಯೆ ಕೊಟ್ಟಿದ್ದಾರೆ. ಸೋಂಕುರೋಗಗಳ ಅಧ್ಯಾಯದಲ್ಲಿ ಎ 18.0, ಪಕ್ಕದಲ್ಲಿ ಕಠಾರಿಯ ಗುರುತು. ಮೂಳೆಗಳ ಅಧ್ಯಾಯದಲ್ಲಿ ಎಂ 49.0, ಪಕ್ಕದಲ್ಲಿ ನಕ್ಷತ್ರದ ಗುರುತು. ಕಠಾರಿ ಕಾರಣಕ್ಕೆ, ನಕ್ಷತ್ರ ಜಾಗಕ್ಕೆ.